ಕುರ್ಚಿ ತಿರುಗಿಸಿದವರು

ಅಂಗಡಿಯ ಹಿಂದಿನ ಕೋಣೆಯಿಂದ,
ನವೆಂಬರ್ ಹತ್ತು, ಸೋಮವಾರ (ಅಂಗಡಿಗೆ ರಜೆ)

ಪ್ರೀತಿಯ ಪಿಟೀಲು,

ಹೇಗಿದ್ದೀಯ? ಗಂಟಲು ಸರಿಹೋಯಿತೇ? ಹೋದ ಸಲ ಮಾತಾಡಿದಾಗ ನಿನ್ನ ದನಿ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು ಎಂದಿದ್ದಕ್ಕೆ ಹೂಂ ಹೂಂ ಎಂದೆ. ನಿನ್ನ ಎರಡು ಹೂಂ ಸೇರಿದರೆ ಒಂದು ಊಹೂಂ ಎಂದು ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕನಿಗೆ ಗೊತ್ತಿಲ್ಲವೇ? ಆಮೇಲೆ ನೀನು ಫೋನು ಎತ್ತುವುದನ್ನೇ ಬಿಟ್ಟೆ. ಬರೆಯಲು ಕೂತರೆ ಅವನು ಹೀಗೇ ಎಂದು ಅಮ್ಮನಿಗೆ ಸಮಾಧಾನ ಹೇಳಿದ್ದೇನೆ. ಬರೆಯುವವರನ್ನೆಲ್ಲ ಒಂದೇ ಮನೆಯಲ್ಲಿ ಕೂಡಿಹಾಕಿ ನಿಮ್ಮ ಕಂಪನಿಯವರು ಊಟವನ್ನಾದರೂ ನೆಟ್ಟಗೆ ಕೊಡುತ್ತಿದ್ದಾರೋ, ಇಲ್ಲ ಬರೀ ಕಾಫಿ ಕುಡಿಸಿ ಸೀರಿಯಲ್ಲಿನ ಎರಡನೇ ಭಾಗ ಹಿಂಡುತ್ತಿದ್ದಾರೋ? ಊಟದ ಹೊತ್ತಿಗೆ ಊಟ ಮಾಡು. ಕಥೆ ಎಲ್ಲಿಗೂ ಓಡಿಹೋಗುವುದಿಲ್ಲ.

ಇಲ್ಲಿ ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ದಿನವೂ ನನ್ನ ಜೊತೆ ಅಂಗಡಿಗೆ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತು ಟವೆಲ್ ಮಡಚುತ್ತಾಳೆ. ಕೂದಲು ಕತ್ತರಿಸಿಕೊಳ್ಳಲು ಬಂದವರಿಗೆಲ್ಲ, ಮೊದಲಿದ್ದದ್ದೇ ಚೆನ್ನಾಗಿತ್ತು ಎಂದು ಹೇಳಿ ನನ್ನ ಹೊಟ್ಟೆಪಾಡಿಗೆ ಕಲ್ಲು ಹಾಕುತ್ತಾಳೆ. ನಿನ್ನ ಭಾವನಿಗೆ ಹೊಸ ಆಸ್ಪತ್ರೆಯ ಲಿಫ್ಟುಗಳ ಕೆಲಸ ಸಿಕ್ಕಿದೆ. ಊರಿನವರನ್ನೆಲ್ಲ ಮೇಲೆ ಹತ್ತಿಸುವ ಮನುಷ್ಯ, ಮನೆಯ ಎರಡು ಮೆಟ್ಟಿಲು ಹತ್ತಿ ಬಂದು ಉಸ್ಸಪ್ಪಾ ಎನ್ನುತ್ತಾರೆ. ನಾನು ಚೆನ್ನಾಗಿದ್ದೇನೆ. ಅಂದರೆ ಮೈಗೆ ಏನೂ ಆಗಿಲ್ಲ. ಮನಸ್ಸಿನದು ಕೆಳಗೆ ಬರೆಯುತ್ತೇನೆ.

ನಮ್ಮ ಡ್ರೈವಿಂಗ್ ಮೇಡಂ ವಿಷಯ ನಿನ್ನ ಕಿವಿಗೆ ಬಿದ್ದಿದೆಯೋ ಇಲ್ಲವೋ ತಿಳಿಯದು. ಬಿದ್ದಿದ್ದರೂ ಎಲ್ಲರಿಗೂ ಬಿದ್ದಷ್ಟೇ ಬಿದ್ದಿರುತ್ತದೆ, ಆ ಒಂದು ತುಣುಕು ವಿಡಿಯೋ. ಪೂರ್ತಿ ನನ್ನಿಂದ ಕೇಳು. ಅದಕ್ಕೆ ಮೊದಲು ನಿನ್ನ ಸೀರಿಯಲ್ ಕಥೆಯನ್ನು ನಿನಗೇ ಸ್ವಲ್ಪ ಹೇಳುತ್ತೇನೆ, ನಗಬೇಡ. ನೀನು ಬರೆದದ್ದು ನಿನಗೆ ಗೊತ್ತು, ಅದು ನನ್ನ ಅಂಗಡಿಯಲ್ಲಿ ಹೇಗೆ ಕಂಡಿತೆಂದು ಗೊತ್ತಿಲ್ಲವಲ್ಲ.

'ಊರ ತಕ್ಕಡಿ' ಬರುತ್ತಿದ್ದಷ್ಟು ವಾರವೂ ಆ ಹೊತ್ತಿಗೆ ನನ್ನ ಅಂಗಡಿಯಲ್ಲಿ ಕತ್ತರಿಯ ಸದ್ದಿರಲಿಲ್ಲ. ಮುಂದೆಂದೋ ಬರುವ ಕಾಲದ ಒಂದು ಊರು, ಅಲ್ಲಿ ಕೋರ್ಟಿಲ್ಲ, ವಕೀಲರಿಲ್ಲ. ಪ್ರತಿಯೊಬ್ಬರ ಫೋನಿನಲ್ಲೂ ಒಂದು ತಕ್ಕಡಿ. ಯಾರದೋ ಮುಖ ಬರುತ್ತದೆ, ಕೆಳಗೆ ಒಂದು ಸಾಲು ಆರೋಪ, ಜನ ಒತ್ತುತ್ತಾರೆ, ತಟ್ಟೆ ಇಳಿಯುತ್ತದೆ. ತಟ್ಟೆ ಇಳಿದವರ ಬೆರಳಿಗೆ ಅವರ ಮನೆಯ ಬಾಗಿಲೂ ತೆರೆಯುವುದಿಲ್ಲ. ಅವರು ಎಲ್ಲಿಗೆ ಹೋದರೂ ಅಲ್ಲಿದ್ದವರೆಲ್ಲ ಎದ್ದು ಬೆನ್ನು ತಿರುಗಿಸಿ ನಿಲ್ಲಬೇಕು. ಹಾಗೆ ತಟ್ಟೆ ಇಳಿದ ಆ ನರ್ಸ್ ಹುಡುಗಿ ತಪ್ಪು ಮಾಡಿಲ್ಲ ಎಂದು ನೋಡುವ ನಮಗೆ ಗೊತ್ತು, ಊರಿಗೆ ಗೊತ್ತಿಲ್ಲ. ಕೊನೆಯ ಕಂತಿನಲ್ಲಿ ಅವಳು ಚೌಕದ ನಡುವೆ ನಿಂತು, ಸಾವಿರ ಬೆನ್ನುಗಳ ಮುಂದೆ, ಒಬ್ಬರಾದರೂ ತಿರುಗಿ ನೋಡಿ ಎಂದು ಕೇಳಿದಳಲ್ಲ, ಆವತ್ತು ನನ್ನ ಅಂಗಡಿಯಲ್ಲಿ ಅಳದವರಿಲ್ಲ. ಪಕ್ಕದ ಬೀದಿಯ ಟೇಲರಮ್ಮ, ಗೊತ್ತಲ್ಲ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಜಗಳವಾಡುವವಳು, ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದವಳು ಗೊಳೋ ಎಂದು ಅತ್ತು ನನ್ನ ಬಿಳಿ ಟವೆಲ್ಲನ್ನು ಕಪ್ಪು ಮಾಡಿದಳು. "ನಾನಾಗಿದ್ರೆ ತಿರುಗಿ ನೋಡ್ತಿದ್ದೆ ಕಣ್ರೀ, ಏನಾದ್ರೂ ಆಗ್ಲಿ ತಿರುಗಿ ನೋಡ್ತಿದ್ದೆ" ಎಂದಳು. ಎಲ್ಲರೂ ಹೌದು ಹೌದು ಎಂದರು. ಅಮ್ಮ ಮಾತ್ರ, ಆ ಹುಡುಗಿಗೆ ಅಕ್ಕತಂಗಿ ಯಾರೂ ಇಲ್ಲವಾ, ಅವರ ಮನೆಗೆ ಹೋಗಬಾರದಿತ್ತಾ ಎಂದು ಕೇಳಿದಳು. ನನಗಂತೂ ಎದೆ ಉಬ್ಬಿತ್ತು. ಇದನ್ನು ಬರೆದವನು ನನ್ನ ತಮ್ಮ ಎಂದು ಬಂದವರಿಗೆಲ್ಲ ಹೇಳಿದೆ. ಗೊತ್ತಿದ್ದವರಿಗೂ ಇನ್ನೊಂದು ಸಲ ಹೇಳಿದೆ.

ಮೇಡಮ್ಮನ್ನು ನೀನು ಒಂದೆರಡು ಸಲ ನೋಡಿರಬೇಕು. ಗಿಡ್ಡ ಕೂದಲು, ಗಟ್ಟಿ ಗಂಟಲು, ಕಾರಿನ ಮೇಲೆ ಹಳದಿ ಬೋರ್ಡು. ನನ್ನನ್ನೂ ಸೇರಿಸಿ ಈ ಸುತ್ತಿನ ಅರ್ಧ ಹೆಂಗಸರಿಗೆ ಕಾರು ಕಲಿಸಿದವಳು. ಗೇರು ತಪ್ಪಿದರೆ ನಮ್ಮನ್ನು ಬೈಯುವುದಿಲ್ಲ, ತನ್ನ ತೊಡೆಗೆ ತಾನೇ ಪಟಾರೆಂದು ಹೊಡೆದುಕೊಳ್ಳುತ್ತಾಳೆ. ಹತ್ತು ವರ್ಷದ ಮಗಳೊಬ್ಬಳಿದ್ದಾಳೆ. ಗಂಡ ಬಿಟ್ಟುಹೋದ ಹೆಂಗಸು ಎಂದು ಯಾರಾದರೂ ಮರುಕ ತೋರಿಸಿದರೆ, "ತಪ್ಪು, ತಪ್ಪು, ನಾನು ಬಿಟ್ಟುಬಂದದ್ದು" ಎಂದು ತಿದ್ದುವವಳು. ವಾರ ಬಿಟ್ಟು ವಾರ ಬುಧವಾರ ನನ್ನ ಹತ್ತಿರ ಕೂದಲಿಗೆ ಬರುತ್ತಾಳೆ, ಅಂಗಡಿ ತೆರೆದ ವರ್ಷದಿಂದಲೂ.

ಅವಳ ಹತ್ತಿರ ಕಾರು ಕಲಿಯಲು ಸೇರಿದ್ದವರು ಯಾರು ಹೇಳು? ನಿನ್ನ ಬ್ಯಾಂಡ್ ಮೇಷ್ಟ್ರು! ಶಾಲೆಯಲ್ಲಿ ನಿನ್ನನ್ನು ಡ್ರಮ್ಮಿನಿಂದ ತಾಳಕ್ಕೆ, ತಾಳದಿಂದ ಬಾವುಟಕ್ಕೆ ಇಳಿಸಿದ ಮಹಾನುಭಾವರು. ಈಗ ಎಪ್ಪತ್ತು ದಾಟಿದೆ. ಹೆಂಡತಿಯ ಕಾಲು ಸ್ವಾಧೀನ ತಪ್ಪಿದೆ, ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಕರೆದೊಯ್ಯಬೇಕು. ಮಕ್ಕಳಿಲ್ಲ. ಯಾರ ಹಂಗೂ ಬೇಡ, ನಾನೇ ಕಲಿಯುತ್ತೇನೆ ಎಂದು ಹಟ ಹಿಡಿದು ಸೇರಿದ್ದರು.

ಅವತ್ತು ಬೆಳಿಗ್ಗೆ ಶಾಲೆಯ ತಿರುವಿನಲ್ಲಿ ಮೇಷ್ಟ್ರಿಗೆ ರಕ್ತದಲ್ಲಿನ ಸಕ್ಕರೆ ಕುಸಿಯಿತು. ಮಧುಮೇಹದ ಮನುಷ್ಯ, ಪಾಠದ ಉತ್ಸಾಹದಲ್ಲಿ ಮಾತ್ರೆ ನುಂಗಿ ತಿಂಡಿ ಮರೆತಿದ್ದರು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಕಾಲು ಆಕ್ಸಿಲರೇಟರಿನ ಮೇಲೆ ಕಲ್ಲಿನ ಹಾಗೆ ಕೂತುಬಿಟ್ಟಿತು. ಮುಂದೆ ಶಾಲೆಗೆ ಹೋಗುವ ಮಕ್ಕಳು. ಮೇಡಂ ತನ್ನ ಕಡೆಯ ಬ್ರೇಕು ತುಳಿದು, ಕೈಬ್ರೇಕು ಎಳೆದು, ಕಾರನ್ನು ಕಾಂಪೌಂಡಿಗೆ ಒರಗಿಸಿ ನಿಲ್ಲಿಸಿದಳು. ಇಳಿದು ಸುತ್ತಿ ಬಂದು ಅವರನ್ನು ಕಾಲರು ಹಿಡಿದು ಹೊರಗೆಳೆದಳು. ನೆಲಕ್ಕೆ ಕೂರಿಸಿ ಕೆನ್ನೆಗೆ ಪಟಪಟ ತಟ್ಟಿ, "ಕಣ್ಣು ಬಿಡಿ! ಬಿಡ್ತೀರೋ ಇಲ್ವೋ!" ಎಂದು ಕೂಗಿದಳು. ಅವರಿಗೆ ಅರೆ ಎಚ್ಚರ ಬಂದಾಗ ಅವರ ಜೇಬಿನ ಡಬ್ಬಿಯಲ್ಲಿದ್ದ ಸಕ್ಕರೆಯನ್ನು ಬೆರಳಿನಿಂದ ಒಸಡಿಗೆ ತಿಕ್ಕಿದಳು. ಆಂಬುಲೆನ್ಸಿಗೆ ಫೋನು ಮಾಡಿದವಳೂ ಅವಳೇ. ಆಸ್ಪತ್ರೆಯಲ್ಲಿ ಡಾಕ್ಟರು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ. ಮೇಷ್ಟ್ರನ್ನು ವಾರ್ಡಿಗೆ ಸೇರಿಸಿ, ಅವರ ಹೆಂಡತಿಯನ್ನು ಕರೆತಂದು ಪಕ್ಕದಲ್ಲಿ ಕೂರಿಸಿ, ಮೇಡಂ ಮಧ್ಯಾಹ್ನದ ಪಾಠಕ್ಕೆ ಹೋದಳು. ಅವಳ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿದಿತ್ತು.

ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದ ಯಾರೋ ವಿಡಿಯೋ ತೆಗೆದಿದ್ದರು. ಅದರಲ್ಲಿ ಕಾಣುವುದಿಷ್ಟೇ: ಒಬ್ಬ ಹೆಂಗಸು ಒಬ್ಬ ಮುದುಕನನ್ನು ಕಾಲರು ಹಿಡಿದು ಕಾರಿನಿಂದ ಎಳೆಯುತ್ತಾಳೆ, ಕೆನ್ನೆಗೆ ಬಾರಿಸುತ್ತಾಳೆ, ಕೂಗುತ್ತಾಳೆ, ಬಾಯಿಗೆ ಏನನ್ನೋ ತುರುಕುತ್ತಾಳೆ. ಕೆಳಗೆ, ಗೇರು ತಪ್ಪು ಹಾಕಿದ್ದಕ್ಕೆ ವೃದ್ಧನಿಗೆ ಈ ಶಿಕ್ಷೆ ಎಂದು ಒಂದು ಸಾಲು. ಮೇಲೆ ನಿನ್ನ ತಕ್ಕಡಿಯ ಚಿತ್ರ. ಪಿಟೀಲು, ನಿನ್ನ ತಕ್ಕಡಿಯದೇ ಚಿತ್ರ, ಆ ಕೆಂಪು ಬಣ್ಣ, ಒಂದು ಕಡೆ ವಾಲಿದ ಆ ತಟ್ಟೆ. ಸಂಜೆಯೊಳಗೆ ಹಳದಿ ಬೋರ್ಡಿನ ಮೇಲಿದ್ದ ಅವಳ ನಂಬರು ಎಲ್ಲರ ಕೈಯಲ್ಲಿತ್ತು. ಬಂದ ಫೋನುಗಳಲ್ಲಿ ಏನೇನು ಅಂದರು ಎಂದು ನಾನು ಬರೆಯಲಾರೆ, ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ.

ನನ್ನ ಕಣ್ಣೆದುರು ನಡೆದದ್ದನ್ನು ಬರೆಯುತ್ತೇನೆ. ಆ ವಾರ ಅವಳ ಬುಧವಾರ. ಅಂಗಡಿಯಲ್ಲಿ ಇಬ್ಬರು ಕೂತಿದ್ದರು, ಟೇಲರಮ್ಮ ಮತ್ತು ಶಾಲೆಯ ಗುಮಾಸ್ತೆ. ಬೆಂಚಿನ ಮೇಲೆ ಇನ್ನೂ ಮೂವರು. ಬಾಗಿಲು ತೆರೆದು ಮೇಡಂ ಒಳಗೆ ಬಂದಳು. ನನ್ನ ಅಂಗಡಿಯ ಕುರ್ಚಿಗಳು ಕನ್ನಡಿಯ ಕಡೆಗಿವೆ, ಬಂದವರ ಮುಖ ಕನ್ನಡಿಯಲ್ಲೇ ಕಾಣುತ್ತದೆ. ಟೇಲರಮ್ಮ ಕನ್ನಡಿಯಲ್ಲಿ ಅವಳನ್ನು ನೋಡಿದಳು. ಆಮೇಲೆ ಕಾಲಿನಿಂದ ನೆಲವನ್ನು ಒದ್ದು, ಅರ್ಧ ಬಣ್ಣ ಹಚ್ಚಿದ ತಲೆಯೊಂದಿಗೆ ಕುರ್ಚಿಯನ್ನು ಗರಕ್ಕನೆ ಪಕ್ಕದ ಗೋಡೆಗೆ ತಿರುಗಿಸಿಕೊಂಡಳು. ಗುಮಾಸ್ತೆ ಕಿಸಕ್ಕನೆ ನಕ್ಕು ತಾನೂ ತಿರುಗಿದಳು. ಬೆಂಚಿನವರು ಎದ್ದು ಬೆನ್ನು ಹಾಕಿ ನಿಂತರು. ಮೊದಲಿಗೆ ಅದು ಆಟವೇ ಕಣೋ, ನಿನ್ನ ಸೀರಿಯಲ್ಲಿನ ಆಟ, ಒಬ್ಬಿಬ್ಬರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಯಾರೂ ಆಟ ಮುಗಿಸಲಿಲ್ಲ. ನಗು ನಿಂತಿತು, ಬೆನ್ನುಗಳು ಹಾಗೇ ಇದ್ದವು. ಅಮ್ಮ ಟವೆಲ್ ಮಡಚುವುದನ್ನು ನಿಲ್ಲಿಸಿ, "ಇದೇನ್ರೇ, ಎಲ್ಲರೂ ಗೋಡೆ ನೋಡ್ತಾ ಇದೀರಿ, ಕನ್ನಡಿಗೇನಾಯ್ತು?" ಎಂದಳು.

ಮೇಡಂ ಬಾಗಿಲಲ್ಲೇ ನಿಂತು, "ಇನ್ನೊಂದು ದಿನ ಬರ್ತೀನಿ ಬಿಡಿ ಅಕ್ಕ" ಎಂದಳು. ಆ ಗಟ್ಟಿ ಗಂಟಲಿನವಳ ದನಿ ನನಗೆ ಅರ್ಧ ಮಾತ್ರ ಕೇಳಿಸಿತು. "ಬುಧವಾರ ನಿಂದು. ಬಾ, ಕೂತ್ಕೋ" ಎಂದು ಕೈ ಹಿಡಿದು ಮೂರನೇ ಕುರ್ಚಿಗೆ ಕರೆತಂದು ಕೂರಿಸಿದೆ. ಧೈರ್ಯವಂತೆ ಎಂದುಕೊಳ್ಳಬೇಡ, ನನ್ನ ಕತ್ತರಿಗೆ ಸಿಗದೆ ಅವಳ ಕಿವಿ ಉಳಿದದ್ದೇ ಪುಣ್ಯ. ಅವಳು ಒಂದೇ ಮಾತಾಡಿದಳು: "ಸ್ವಲ್ಪ ಜಾಸ್ತಿನೇ ತೆಗೀರಿ ಅಕ್ಕ. ಗುರುತು ಸಿಗದ ಹಾಗೆ." ಇಷ್ಟು ವರ್ಷ ಕೂದಲು ಕತ್ತರಿಸಿದ್ದೇನೆ, ಮುಖಕ್ಕೆ ಒಪ್ಪುವ ಹಾಗೆ ಮಾಡಿ ಎಂದವರನ್ನು ಕಂಡಿದ್ದೇನೆ. ಮುಖ ಅಳಿಸಿಕೊಡಿ ಎಂದವರು ಇವಳೊಬ್ಬಳೇ.

ಬೆನ್ನು ಹಾಕಿ ನಿಂತಿದ್ದವರಲ್ಲಿ ಯಾರೋ ಹೆಗಲ ಮೇಲಿಂದ ಫೋನು ಹಿಡಿದು ನನ್ನ ಚಿತ್ರ ತೆಗೆದಿದ್ದರು. ಮರುದಿನ ಅಂಗಡಿಯ ಹೆಸರಿನ ಪಕ್ಕದಲ್ಲೂ ತಕ್ಕಡಿ ಬಂತು. ಬರುತ್ತೇನೆ ಎಂದಿದ್ದವರು ನೆಗಡಿ, ನೆಂಟರು, ತಲೆನೋವು ಎಂದು ಹೇಳಿ ಕಳಿಸಿದರು. ನಿನ್ನ ಭಾವ ಊಟಕ್ಕೆ ಕೂತಾಗ, "ಊರ ಉಸಾಬರಿ ನಮಗ್ಯಾಕೆ? ನಾಲ್ಕು ದಿನ ಅವಳಿಗೆ ಬರಬೇಡ ಅಂತ ಹೇಳು" ಎಂದರು. ಮಾರನೆಯ ಬೆಳಿಗ್ಗೆ ಅವಳ ಕಾರಿನ ಬಾಗಿಲ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ತಕ್ಕಡಿ ಬರೆದು ಹೋಗಿದ್ದರು. ಅದನ್ನು ಕೇಳಿದ ಮೇಲೆ ನಿನ್ನ ಭಾವ ಲಿಫ್ಟಿಗೆ ಬಳಿಯುವ ಬೂದು ಬಣ್ಣದ ಡಬ್ಬಿ ಎತ್ತಿಕೊಂಡು ಹೋಗಿ ಬಳಿದು ಬಂದರು. ಬಿಳಿ ಕಾರಿಗೆ ಬೂದು ಬಾಗಿಲು, ಆನೆಯ ಕಿವಿಯ ಹಾಗೆ ಕಾಣುತ್ತದೆ. ಮನೆಗೆ ಬಂದು ನನಗೆ, "ಬಣ್ಣ ಉಳಿದಿತ್ತು, ಒಣಗಿಹೋಗ್ತಿತ್ತು" ಎಂದರು. ನಿನ್ನ ಭಾವನ ಒಳ್ಳೆಯತನಕ್ಕೆ ಯಾವಾಗಲೂ ಇಂಥದ್ದೊಂದು ನೆಪ ಬೇಕು.

ಅವಳು ಠಾಣೆಗೂ ಹೋದಳು, ಲೈಸೆನ್ಸಿನ ಕಚೇರಿಗೂ ಹೋದಳು, ಆಸ್ಪತ್ರೆಯ ಚೀಟಿ ತೋರಿಸಿದಳು. ಲೈಸೆನ್ಸಿನ ಅಧಿಕಾರಿ ಕುರ್ಚಿ ಕೊಟ್ಟು ಕೂರಿಸಿ, "ನಿಮ್ಮದೇನೂ ತಪ್ಪಿಲ್ಲ ಅಂತ ನಂಗೆ ಗೊತ್ತು ಮೇಡಂ. ಆದ್ರೆ ಈಗ ನಿಮಗೆ ಕಲಿಸೋಕೆ ಬಿಟ್ರೆ ನಾಳೆ ನನ್ನ ಮುಖ ಬರುತ್ತೆ. ಜನ ತಣ್ಣಗಾಗ್ಲಿ" ಎಂದರಂತೆ. ಹಳದಿ ಬೋರ್ಡನ್ನು ಬಿಚ್ಚಿಸಿ ಇಟ್ಟುಕೊಂಡರು. ತಪ್ಪಿಲ್ಲ ಎಂದು ಬಾಯಿಬಿಟ್ಟು ಹೇಳಿದ ಮನುಷ್ಯನೇ ಶಿಕ್ಷೆಯನ್ನೂ ಕೊಟ್ಟ. ಇಷ್ಟನ್ನೆಲ್ಲ ಅವಳು ಹಲ್ಲು ಕಚ್ಚಿ ತಡೆದಿದ್ದಳು. ಆದರೆ ಒಂದು ದಿನ ಮಗಳು ಶಾಲೆಯಿಂದ ಬಂದು, ಸಾಲಿನಲ್ಲಿ ಎಲ್ಲರೂ ಬೆನ್ನು ತಿರುಗಿಸಿ ನಿಂತರು ಎಂದು ಹೇಳಿ, "ಅಮ್ಮಾ, ನನ್ನ ತಟ್ಟೆನೂ ಇಳೀತಾ?" ಎಂದು ಕೇಳಿದಳಂತೆ. ಅವತ್ತು ಮೇಡಂ ನನ್ನ ಅಂಗಡಿಯ ಈ ಹಿಂದಿನ ಕೋಣೆಗೆ ಬಂದು, ಟವೆಲ್ಲಿನ ಗಂಟಿನ ಮೇಲೆ ಕೂತು, ದನಿ ತೆಗೆಯದೆ ಅತ್ತಳು. ಅವಳು ಬಾಯಿ ಮಾಡಿದರೆ ನೋಡಬಹುದು, ಹಾಗೆ ಸದ್ದಿಲ್ಲದೆ ಅಳುವುದನ್ನು ನೋಡಲಾಗುವುದಿಲ್ಲ. ಮಗು ಈಗ ಶಾಲೆಗೆ ಹೋಗುತ್ತಿಲ್ಲ. ನಮ್ಮ ಅಮ್ಮನ ಪಕ್ಕ ಕೂತು ಟವೆಲ್ ಮಡಚುತ್ತದೆ. ಅಮ್ಮನಿಗಿಂತ ಚೆನ್ನಾಗಿ ಮಡಚುತ್ತದೆ, ಅದಕ್ಕೇ ಇಬ್ಬರಿಗೂ ಜಗಳ.

ಆಸ್ಪತ್ರೆಯಿಂದ ಬಿಡುಗಡೆಯಾಗಿ ಬಂದ ಮೇಷ್ಟ್ರಿಗೆ ಹೆಂಡತಿಯ ಬಾಯಿಂದ ವಿಷಯ ತಿಳಿಯಿತು. ಅವರು ನೇರ ನನ್ನ ಅಂಗಡಿಗೆ ಬಂದು, ನನ್ನ ಫೋನನ್ನೇ ಹಿಡಿಸಿ, ಮೂರನೇ ಕುರ್ಚಿಯಲ್ಲಿ ಎದೆಯುಬ್ಬಿಸಿ ಕೂತು ಮಾತಾಡಿದರು. ನನ್ನ ಸಕ್ಕರೆ ಇಳಿದಿತ್ತು, ಈಕೆ ನನ್ನ ಪ್ರಾಣ ಉಳಿಸಿದಳು, ಆ ಏಟುಗಳಿಗೆ ನಾನು ಋಣಿ, ಇಲ್ಲಿಗೆ ನಿಲ್ಲಿಸಿ ಎಂದರು. ಅದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿದೆವು. ಇನ್ನೇನು ಬೇಕು ಹೇಳು? ಹೊಡೆಸಿಕೊಂಡವರೇ ಪ್ರಾಣ ಉಳಿಸಿದಳು ಎಂದ ಮೇಲೆ! ನಾವೆಲ್ಲ ಹಗುರಾದೆವು, ಅಮ್ಮ ಎಲ್ಲರಿಗೂ ಕಾಫಿ ಮಾಡಿದಳು. ಕಾಫಿ ಆರುವುದರೊಳಗೆ ಉತ್ತರಗಳು ಶುರುವಾದವು. ಎಷ್ಟು ಕೊಟ್ಟಳು ಮುದುಕನಿಗೆ ಎಂದರು. ಕಣ್ಣು ಪಕ್ಕಕ್ಕೆ ಹೊರಳುತ್ತಿದೆ, ಯಾರೋ ಹೆದರಿಸಿ ಹೇಳಿಸುತ್ತಿದ್ದಾರೆ ಎಂದರು. ಪಕ್ಕದಲ್ಲಿದ್ದದ್ದು ಟವೆಲ್ ಹಿಡಿದ ಅಮ್ಮ! ಆಮೇಲೆ ಒಬ್ಬ ಬರೆದ: ಇದು ಮನುಷ್ಯನೇ ಅಲ್ಲ, ಊರ ತಕ್ಕಡಿಯಲ್ಲಿ ನರ್ಸಿನ ಸುಳ್ಳು ತಪ್ಪೊಪ್ಪಿಗೆಯನ್ನು ಮೆಷಿನ್ನು ತಯಾರಿಸುತ್ತದಲ್ಲ, ಅದೇ ಥರ, ಕಿವಿಯ ಹತ್ತಿರ ನೋಡಿ, ಚರ್ಮ ಮಸುಕಾಗಿದೆ. ಅಷ್ಟೇ ಸಾಕಾಯಿತು. ಮೇಷ್ಟ್ರ ಕಿವಿಯನ್ನು ದೊಡ್ಡದು ಮಾಡಿ, ಸುತ್ತು ಹಾಕಿ, ಬಾಣ ಹೊಡೆದು ಸಾವಿರಾರು ಜನ ಹಂಚಿಕೊಂಡರು. ನೀನು ಜನರಿಗೆ ಎಚ್ಚರಿಕೆ ಹೇಳಲು ಬರೆದ ಕಂತು ಅದು. ಅದನ್ನೇ ಕೈಯಲ್ಲಿ ಹಿಡಿದು ಅವರು ನಿಜವನ್ನು ಹೊಡೆದರು.

ಮೇಷ್ಟ್ರು ಎರಡು ದಿನ ತಮ್ಮ ಕಿವಿಯನ್ನು ಕನ್ನಡಿಯಲ್ಲಿ ಪದೇಪದೇ ನೋಡಿಕೊಳ್ಳುತ್ತಿದ್ದರಂತೆ, ಅವರ ಹೆಂಡತಿ ಹೇಳಿದರು. ಮೂರನೆಯ ದಿನ ಹಳೆಯ ಬ್ಯಾಂಡಿನ ಕೋಟು ತೊಟ್ಟು, ಹಿತ್ತಾಳೆ ಗುಂಡಿಯೊಂದನ್ನು ಅಂಗೈಯಲ್ಲಿ ಹಿಡಿದು ಅಂಗಡಿಗೆ ಬಂದರು. "ಸಾವಿರ ಜನಕ್ಕೆ ಹೇಳಿದ್ದು ಸಾಕಮ್ಮ. ಇನ್ನು ಒಬ್ಬೊಬ್ಬರಿಗೇ ಹೇಳ್ತೀನಿ. ನಿನ್ನ ಅಂಗಡೀಲಿ ಮೊದಲು ಕುರ್ಚಿ ತಿರುಗಿಸಿದೋರು ಯಾರು?" ನಾನು ಹೇಳಿದೆ. ಮೇಡಂ ಬೇಡ ಬೇಡ ಎನ್ನುತ್ತಿದ್ದರೂ ತಮ್ಮನ್ನು ಅವಳ ಕಾರಿನಲ್ಲೇ ಕರೆದೊಯ್ಯಬೇಕೆಂದು ಹಟ ಮಾಡಿದರು. ಡಾಕ್ಟರು ಅವರಿಗೆ ಸ್ಟಿಯರಿಂಗ್ ಮುಟ್ಟಬಾರದೆಂದಿದ್ದಾರೆ. ಮೇಡಂ ಓಡಿಸಿದಳು, ಅವರು ಪಕ್ಕದಲ್ಲಿ, ನಾನು ಹಿಂದೆ. ಬೂದು ಬಾಗಿಲಿನ ಕಾರು ಟೇಲರ್ ಅಂಗಡಿಯ ಮುಂದೆ ನಿಂತಾಗ ಬೀದಿಯಲ್ಲಿದ್ದ ನಾಲ್ಕೈದು ಫೋನುಗಳು ಆಗಲೇ ಮೇಲೆದ್ದವು.

ಟೇಲರಮ್ಮ ಹೊಲಿಗೆ ಮೆಷಿನ್ನಿನಿಂದ ತಲೆಯೆತ್ತಿದಳು. ಮೇಷ್ಟ್ರು ಕೋಟನ್ನೂ ಗುಂಡಿಯನ್ನೂ ಅವಳ ಮುಂದಿಟ್ಟು, "ಇದೊಂದು ಹಾಕಿಕೊಡಮ್ಮ" ಎಂದರು. ಅವಳು ಕೋಟನ್ನು ನೋಡಲಿಲ್ಲ, ಅವರ ಕಿವಿಯನ್ನೇ ನೋಡುತ್ತಿದ್ದಳು. ಬಾಯಿಂದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟು, ತೀರ ಸಣ್ಣ ದನಿಯಲ್ಲಿ ಕೇಳಿದಳು, "ನಿಜವಾಗ್ಲೂ ನೀವೇನಾ?"

"ಅನುಮಾನ ಇದ್ರೆ ಚಿವುಟಿ ನೋಡಮ್ಮ" ಎಂದು ಮೇಷ್ಟ್ರು ಕೈ ಚಾಚಿದರು.

ಅವಳು ಚಿವುಟಿಯೇಬಿಟ್ಟಳು! ಸುಮ್ಮನೆ ಅಲ್ಲ, ಬಟ್ಟೆಯ ನೆರಿಗೆ ಹಿಡಿಯುವ ಬೆರಳು, ಬಲವಾಗಿಯೇ ಚಿವುಟಿದಳು. ಮೇಷ್ಟ್ರು ಅಯ್ಯಯ್ಯಪ್ಪಾ ಎಂದು ಕಿರುಚಿದರು, ಬೀದಿಯೇ ನಕ್ಕಿತು. ನನಗೂ ನಗು ಬಂತು, ಸುಳ್ಳೇಕೆ. ಅವರ ಕೈಮೇಲೆ ಕೆಂಪಗೆ ಗುರುತು ಮೂಡಿತು. ಟೇಲರಮ್ಮ ಆ ಗುರುತಿನ ಮೇಲೆ ಬೆರಳಿಟ್ಟುಕೊಂಡು ಹಾಗೇ ನಿಂತಳು. ಅವಳ ಮುಖ ನೋಡಿ ನಾನು ಈಗ ಹೇಳುತ್ತಾಳೆ, ತಪ್ಪಾಯಿತು ಎಂದು ಈಗ ಹೇಳುತ್ತಾಳೆ ಎಂದು ಕಾದೆ. "ಇದನ್ನ ಮೊದಲೇ ಬಂದು ಹೇಳಬಾರದಿತ್ತಾ?" ಎಂದಳು. ಕೋಪ ಬಂದ ಹಾಗಿತ್ತು ಅವಳಿಗೆ, ಮೇಷ್ಟ್ರ ಮೇಲೆ, ನನ್ನ ಮೇಲೆ. ಗುಂಡಿ ಹಾಕಿಕೊಟ್ಟಳು, ಚೆನ್ನಾಗಿಯೇ ಹಾಕಿದಳು. ಮೇಡಂ ಹೊರಗೆ ಕಾರಿನಲ್ಲಿ ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು, ನೇರ ರಸ್ತೆ ನೋಡುತ್ತ ಕೂತಿದ್ದಳು. ಟೇಲರಮ್ಮ ಕಿಟಕಿಯಿಂದ ಒಮ್ಮೆ ಅತ್ತ ನೋಡಿ, ಮತ್ತೆ ಹೊಲಿಗೆಗೆ ಕೂತಳು. ನಾಲ್ಕು ಹೆಜ್ಜೆ ಹೊರಗೆ ಬರಲು ಅವಳ ಕಾಲು ಏಳಲಿಲ್ಲ.

ಈಗ ಅವಳು ನನ್ನ ಅಂಗಡಿಗೆ ಬರುತ್ತಾಳೆ. ಮೇಡಂ ಯಾವ ದಿನ ಬರುತ್ತಾಳೆಂದು ಕೇಳಿಕೊಂಡು ಬೇರೆ ದಿನ ಬರುತ್ತಾಳೆ. ಮೇಷ್ಟ್ರು ಮಾತ್ರ ಬಿಟ್ಟಿಲ್ಲ, ದಿನಕ್ಕೊಂದು ಮನೆಗೆ ಹೋಗಿ ಕೈ ಚಾಚುತ್ತಾರೆ. ಕೆಲವರು ಚಿವುಟುತ್ತಾರೆ, ಕೆಲವರು ನಾಚಿಕೆಯಿಂದ ಒಳಗೆ ಕರೆದು ಕೂರಿಸುತ್ತಾರೆ, ಇಬ್ಬರು ಬಾಗಿಲು ತೆರೆಯಲಿಲ್ಲ. ನಮ್ಮ ಬೀದಿಗಳಲ್ಲಿ ಮೇಡಂ ಈಗ ತಲೆಯೆತ್ತಿ ನಡೆಯಬಹುದು, ಒಬ್ಬಿಬ್ಬರು ಹೆಂಗಸರು ಬೋರ್ಡಿಲ್ಲದಿದ್ದರೇನು, ನಮಗೆ ನೀನೇ ಕಲಿಸು ಎಂದು ಕೇಳಿದ್ದಾರೆ. ಆದರೆ ಫೋನಿನಲ್ಲಿರುವವರು ನಮ್ಮ ಬೀದಿಯವರಲ್ಲವಲ್ಲ. ಮೇಷ್ಟ್ರಿಗೆ ಅಷ್ಟು ದೂರ ಕೈ ಚಾಚಲಾಗುವುದಿಲ್ಲ. ಫೋನಿನವರು ಇನ್ನೂ ಬರೆಯುತ್ತಲೇ ಇದ್ದಾರೆ. ಮೊನ್ನೆ ಯಾರೋ ಮಗುವಿನ ಶಾಲೆಯ ಗೇಟಿನ ಚಿತ್ರ ಹಾಕಿದ್ದರು.

ಪಿಟೀಲು, ನಿನ್ನನ್ನು ದೂರುತ್ತಿಲ್ಲ. ನಿನ್ನ ಕಥೆಯಲ್ಲಿ ಒಂದು ಸುಳ್ಳೂ ಇರಲಿಲ್ಲ, ಅದನ್ನು ನೋಡಿ ನಾನೂ ಅತ್ತಿದ್ದೇನೆ. ಆದರೆ ಕತ್ತರಿ ಹಿಡಿದು ನಿಂತಾಗೆಲ್ಲ ಒಂದೇ ಯೋಚನೆ. ಆ ನರ್ಸಿಗಾಗಿ ಅತ್ತವರೂ ಇವರೇ, ಇವಳಿಗೆ ಬೆನ್ನು ಹಾಕಿದವರೂ ಇವರೇ. ಟೇಲರಮ್ಮ ಕೆಟ್ಟವಳಲ್ಲ, ನನಗೆ ಬಾಣಂತನದಲ್ಲಿ ತಿಂಗಳುಗಟ್ಟಲೆ ಊಟ ಹೊತ್ತು ತಂದವಳು. ಸೀರಿಯಲ್ಲಿನಲ್ಲಿ ತಾನು ಯಾರು ಎಂದು ಅವಳನ್ನು ಕೇಳಿದರೆ ನರ್ಸ್ ಎನ್ನುತ್ತಾಳೆ. ಎಲ್ಲರೂ ನರ್ಸ್ ಎನ್ನುತ್ತಾರೆ. ಹಾಗಾದರೆ ಆ ಚೌಕದಲ್ಲಿ ಬೆನ್ನು ತಿರುಗಿಸಿ ನಿಂತವರು ಯಾರ ಮನೆಯವರು? ನೀನು ಓದಿದವನು, ಬರೆಯುವವನು, ನಿನಗೆ ಉತ್ತರ ಗೊತ್ತಿದ್ದರೆ ಹೇಳು. ನನಗೆ ಗೊತ್ತಾಗುತ್ತಿಲ್ಲ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ತಲೆಗೆ ಎಣ್ಣೆ ಹಚ್ಚಿಕೋ, ಹೊಸ ಕಥೆಯಲ್ಲಿ ಆ ನರ್ಸಿಗೆ ಒಬ್ಬ ಅಕ್ಕನನ್ನು ಕೊಡು ಎಂದೂ ಹೇಳಿದ್ದಾಳೆ. ಭಾವ ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಮೇಷ್ಟ್ರು, ಆ ಬಾವುಟದ ಹುಡುಗ ಚೆನ್ನಾಗಿ ಬರೆಯುತ್ತಾನಂತಲ್ಲ, ಡ್ರಮ್ಮಿಗೆ ಆಗಲೂ ನಾಲಾಯಕ್ಕು ಎಂದು ಹೇಳಿ ಕಳಿಸಿದ್ದಾರೆ, ಅದನ್ನೂ ಆಶೀರ್ವಾದ ಎಂದೇ ತಿಳಿದುಕೋ. ಮೈ ಬಗ್ಗೆ ಜೋಪಾನ.

ಇಂತಿ ನಿನ್ನ,
ಅಕ್ಕ

ತಾ.ಕ.: ಭಾವ ಕೆಲಸಕ್ಕೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಪತ್ರ ಅವರ ಕೈಯಲ್ಲೇ ಕಳಿಸಬೇಕು. ಮರೆತಿದ್ದೆ ಎನ್ನುವುದಿಲ್ಲ, ಇಷ್ಟು ಹೊತ್ತೂ ಬರೆಯಲು ಕೈ ಬರಲಿಲ್ಲ. ಶನಿವಾರ ನಿಮ್ಮ ಕಂಪನಿಯಿಂದ ಒಬ್ಬ ಹೆಂಗಸು ಬಂದಿದ್ದಳು, ನಿನ್ನ ಅಕ್ಕನ ಅಂಗಡಿ ಎಂದು ವಿಚಾರಿಸಿಕೊಂಡು. ಎರಡನೇ ಭಾಗದ ಮೊದಲ ಕಂತು ಕಾರು ಕಲಿಸುವ ಹೆಂಗಸಿನದಂತೆ. ನನ್ನ ಅಂಗಡಿ ಬೇಕಂತೆ, ಮೂರನೇ ಕುರ್ಚಿ ಬೇಕಂತೆ, ಆ ಬೂದು ಬಾಗಿಲಿನ ಫೋಟೋ ಕೂಡ ತೆಗೆದುಕೊಂಡಳು. ಕೊನೆಗೆ ಅವಳು ತಪ್ಪು ಮಾಡಿಲ್ಲ ಎಂದು ಎಲ್ಲರಿಗೂ ತಿಳಿಯುತ್ತದೆ ತಾನೇ ಎಂದು ಕೇಳಿದೆ. ಇಲ್ಲವಂತೆ. ಅದು ಹಳೆಯದಾಯಿತಂತೆ. ಈ ಸಲ ಜನ ಹೇಳಿದ್ದೇ ನಿಜವಂತೆ, ಅವಳು ಮುದುಕನಿಗೆ ವಿಷ ತಿಕ್ಕಿದ್ದಳಂತೆ, ನೋಡುವವರು ಬೆಚ್ಚಿಬೀಳಬೇಕಂತೆ. ನಿನ್ನದೇ ಯೋಚನೆ ಎಂದಳು. ನಾನು ನಂಬಲಿಲ್ಲ. ನಂಬಿದೆನೋ ಏನೋ, ಎರಡು ದಿನದಿಂದ ನಿದ್ದೆಯಿಲ್ಲ. ನೀನು ಬರೆದಿದ್ದರೆ ಹರಿದುಹಾಕು. ಬೇರೆಯವರು ಬರೆದಿದ್ದರೆ ಅವರ ಕೈ ಹಿಡಿದು ನಿಲ್ಲಿಸು. ಮೇಡಮ್ಮಿಗೆ ಇನ್ನೂ ಹೇಳಿಲ್ಲ. ಬರುವ ವಾರ ಬುಧವಾರ ಕೂದಲಿಗೆ ಬರುತ್ತಾಳೆ, ನನಗೆ ಮುಚ್ಚಿಡಲು ಬರುವುದಿಲ್ಲ, ಕನ್ನಡಿಯಲ್ಲಿ ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಗಿಬಿಡುತ್ತದೆ. ಅಷ್ಟರೊಳಗೆ ಏನಾದರೂ ಮಾಡು.